ಅಗಲದ ಸೀಟಿನ ಪಾಯಿಂಟುಗಳು

ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಜೀನ್ಸ್ ಬಟ್ಟೆಯ ಪುಟ್ಟ ಚೀಲವೊಂದು ತೂಗುತ್ತಿತ್ತು. ಅದಕ್ಕೆ ಮೂರು ಜೇಬು, ಮೂರು ಜೇಬಿಗೆ ಮೂರು ಕ್ರೆಡಿಟ್ ಕಾರ್ಡು. ಹಸಿರು ಕಾರ್ಡು ದಿನಸಿಗೆ, ಕೆಂಪು ಕಾರ್ಡು ಪೆಟ್ರೋಲಿಗೆ ಮತ್ತು ಹೋಟೆಲಿಗೆ, ನೀಲಿ ಕಾರ್ಡು ದೊಡ್ಡ ಖರ್ಚುಗಳಿಗೆ. ಅಪ್ಪಿತಪ್ಪಿ ಕೆಂಪು ಕಾರ್ಡಿನಲ್ಲಿ ಸೋಪು ಕೊಂಡು ತಂದರೆ ಆ ಮನೆಯಲ್ಲಿ ಅದು ಹಾಲಿಗೆ ಉಪ್ಪು ಹಾಕಿದಷ್ಟು ದೊಡ್ಡ ಅಪರಾಧ. ಈ ಕಾನೂನು ತಂದವನು ಮನೆಯ ಯಜಮಾನ. ಪೇಟೆಯ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಯಾವ ಕಾರ್ಡಿನಲ್ಲಿ ಎಲ್ಲಿ ಖರ್ಚು ಮಾಡಿದರೆ ಬ್ಯಾಂಕು ಎಷ್ಟು ಬಹುಮಾನದ ಪಾಯಿಂಟು ಕೊಡುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದನಾದ್ದರಿಂದ ಅಂಗಡಿಯಲ್ಲಿ ಅವನಿಗೆ ಪಾಯಿಂಟಪ್ಪ ಎಂದೇ ಹೆಸರು.

ಚೀಲ ಹೊಲಿದವಳು ಅವನ ಹೆಂಡತಿ. ರೆಡಿಮೇಡ್ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಉದ್ದದ ಪ್ಯಾಂಟುಗಳನ್ನು ಗಿಡ್ಡ ಮಾಡುವುದು, ಬಿಗಿಯಾದ ಸೊಂಟಗಳನ್ನು ಸಡಿಲ ಮಾಡುವುದು ಅವಳ ಕೆಲಸ. ಮದುವೆಯಾದ ಹೊಸತರಲ್ಲಿ ಗಂಡನ ಲೆಕ್ಕಾಚಾರ ಅವಳಿಗೆ ಜಾಣತನವಾಗಿ ಕಂಡಿತ್ತು. ಈಗ ಮಗಳು ಹೈಸ್ಕೂಲಿಗೆ ಬಂದಿದ್ದಾಳೆ, ಮಂಚದ ಕೆಳಗೆ ಪಾಯಿಂಟಿಗೆಂದು ಕೊಂಡ ಒಂದು ಡಜನ್ ಶಾಂಪೂ ಬಾಟಲಿಗಳಿವೆ, ಆ ಶಾಂಪೂವಿನ ವಾಸನೆ ಬಂದರೆ ಅವಳಿಗೆ ತಲೆನೋವು ಬರುತ್ತದೆ.

ಮಗಳಿಗೆ ಶಾಲೆಯಲ್ಲಿ ಏನೇ ಹೆಸರಿರಲಿ, ಮನೆಯಲ್ಲಿ ಅವಳು ಲೂಟಿ, ಅಂದರೆ ತುಂಟಿ. ಈ ಸಲದ ಜಗಳ ಲೂಟಿಯ ಹುಟ್ಟುಹಬ್ಬದ ಊಟದಿಂದ ಶುರುವಾಯಿತು. ಅವಳು ಕೇಳಿದ್ದು ಶಾಲೆಯ ಪಕ್ಕದ ಚಿಕ್ಕ ಹೋಟೆಲಿನ ನೂಡಲ್ಸ್. ಅಪ್ಪ ಎಲ್ಲರನ್ನೂ ಕರೆದುಕೊಂಡು ಹೋದದ್ದು ಎರಡು ಬಸ್ಸು ಬದಲಿಸಬೇಕಾದಷ್ಟು ದೂರದ ದೊಡ್ಡ ಹೋಟೆಲಿಗೆ. ಅಲ್ಲಿ ಕೆಂಪು ಕಾರ್ಡಿಗೆ ಅರ್ಧ ಬೆಲೆ.

“ಅಪ್ಪ, ಸೂಪು ತಣ್ಣಗಿದೆ,” ಎಂದಳು ಲೂಟಿ.

“ತಣ್ಣಗಿದ್ರೇನು, ಅರ್ಧ ಬೆಲೆ ಕಣೇ.”

“ಹಾಗಾದ್ರೆ ಅರ್ಧ ಬಿಸಿನಾದ್ರೂ ಇರ್ಬೇಕಿತ್ತು.”

ಅಜ್ಜಿ ನಕ್ಕಳು. ಅಜ್ಜಿಯೆಂದರೆ ಪಾಯಿಂಟಪ್ಪನ ತಾಯಿ. ಬೆನ್ನುಮೂಳೆಯ ತೊಂದರೆಯಿಂದ ಸದಾ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡಿರುವವಳು, ಹೆಚ್ಚು ಹೊತ್ತು ಒಂದೆಡೆ ಕೂರಲಾರದೆ ಕುರ್ಚಿಯ ಬೆನ್ನು ಹಿಡಿದು ನಿಂತುಕೊಂಡೇ ಬ್ರೆಡ್ಡು ಅಗಿಯುತ್ತಿದ್ದಳು. ಸೊಸೆ ಮಾತ್ರ ನಗಲಿಲ್ಲ.

“ಮಗು ಹುಟ್ಟಿದ ದಿನ ಏನು ತಿನ್ಬೇಕು ಅಂತಾನೂ ಬ್ಯಾಂಕಿನವರನ್ನೇ ಕೇಳ್ಬೇಕು ನಮ್ಮನೇಲಿ,” ಎಂದು ತಟ್ಟೆಯನ್ನು ಬದಿಗೆ ಸರಿಸಿದಳು.

ಪಾಯಿಂಟಪ್ಪನನ್ನು ಬರೀ ಜಿಪುಣ ಅಂದುಕೊಂಡರೆ ಅವನಿಗೆ ಅನ್ಯಾಯವಾಗುತ್ತದೆ. ನೀಲಿ ಕಾರ್ಡಿನಲ್ಲಿ ಅವನು ಕೂಡಿಡುತ್ತಿದ್ದ ಪಾಯಿಂಟುಗಳಿಗೆ ಇದ್ದದ್ದು ಒಂದೇ ಗುರಿ. ಅಜ್ಜಿಯ ಒಬ್ಬಳೇ ತಂಗಿ ದೇಶದ ಇನ್ನೊಂದು ತುದಿಯ ಊರಿನಲ್ಲಿದ್ದಳು. ಅಲ್ಲಿಗೆ ರೈಲಿನಲ್ಲಿ ಎರಡು ರಾತ್ರಿಯ ಪ್ರಯಾಣ, ಬೆನ್ನು ಕೈಕೊಟ್ಟ ಮೇಲೆ ಅಜ್ಜಿಗೆ ಅದು ಮುಗಿದ ಮಾತು. ಉಳಿದದ್ದು ವಿಮಾನ. ವಿಮಾನದಲ್ಲಿ ಮೊಣಕಾಲು ಎದುರಿನ ಸೀಟಿಗೆ ತಾಗುವ ಹಾಗೆ ಅಮ್ಮನನ್ನು ಮುದುರಿ ಕೂರಿಸುವುದಕ್ಕೆ ಮಗನ ಮನಸ್ಸು ಒಪ್ಪುತ್ತಿರಲಿಲ್ಲ. ಮುಂಭಾಗದಲ್ಲಿ ಮಂಚದ ಹಾಗೆ ಚಾಚಿಕೊಳ್ಳುವ ಅಗಲದ ಸೀಟುಗಳಿರುತ್ತವಲ್ಲ, ಅಲ್ಲೇ ಅಮ್ಮ ಮಲಗಿಕೊಂಡು ಹೋಗಬೇಕು ಎಂಬುದು ಅವನ ಹಟ. ಆ ಸೀಟಿನ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತಿತ್ತು, ಪಾಯಿಂಟಿನಲ್ಲಾದರೆ ಬಿಟ್ಟಿ. ಆದರೆ ಇವನು ಗುರಿಯ ಹತ್ತಿರ ಬಂದಾಗಲೆಲ್ಲ ಕಾರ್ಡಿನವರು ಗುರಿಯನ್ನೇ ಒಂದಿಷ್ಟು ದೂರ ಸರಿಸುತ್ತಿದ್ದರು. ಇವನು ಇನ್ನೊಂದು ವರ್ಷದ ಶುಲ್ಕ ಕಟ್ಟಿ ಮತ್ತೆ ಕೂಡಿಸಲು ಶುರುಮಾಡುತ್ತಿದ್ದ. ಹೆಚ್ಚುವರಿ ಪಾಯಿಂಟು ಸಿಗುತ್ತದೆಂದು ಅಜ್ಜಿಯ ಹೆಸರಿನಲ್ಲೂ ನೀಲಿಗೆ ಜೋಡಿಸಿದ ಇನ್ನೊಂದು ಕಾರ್ಡು ಮಾಡಿಸಿಕೊಟ್ಟಿದ್ದ. ಅಜ್ಜಿ ಅದನ್ನು ಪರ್ಸಿನಲ್ಲಿಟ್ಟುಕೊಂಡು ಮರೆತಿದ್ದಳು.

ಹುಟ್ಟುಹಬ್ಬ ಕಳೆದ ಭಾನುವಾರ ತಂಗಿಯ ಫೋನು ಬಂತು. ಅಜ್ಜಿ ಸ್ಪೀಕರ್ ಹಾಕಿಕೊಂಡೇ ಮಾತಾಡುವವಳು, ಹಾಗಾಗಿ ಅಕ್ಕತಂಗಿಯರ ಗುಟ್ಟು ಮನೆಮಂದಿಗೆಲ್ಲ ಗೊತ್ತು.

“ಅಕ್ಕ, ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ. ಎರಡೂ ಹೋಗ್ತಾ ಇದೆಯಂತೆ. ವಯಸ್ಸಾಗಿದ್ದಕ್ಕೆ ಬರೋದು, ವಾಸಿ ಮಾಡೋಕಾಗಲ್ಲ ಅಂದ್ರು.”

“ಕನ್ನಡಕ ಬದಲಾಯಿಸಿದ್ರೆ?”

“ಕನ್ನಡಕದಿಂದ ಏನೂ ಆಗಲ್ವಂತೆ. ನಿನ್ನ ಮಗನ್ನೇ ಕೇಳು.”

ಅಜ್ಜಿ ಮಗನ ಮುಖ ನೋಡಿದಳು. ಅವನು ತಲೆಯಾಡಿಸಿ, ಆಗುವುದಿಲ್ಲವೆಂದು ಸನ್ನೆ ಮಾಡಿದ.

“ಇರೋ ಬೆಳಕೂ ಹೋಗೋಕೆ ಮುಂಚೆ ಒಂದ್ಸಲ ಬಂದು ಹೋಗು ಅಕ್ಕ. ನಿನ್ನ ಮುಖ ನೋಡ್ಬೇಕು. ಫೋನಲ್ಲಿ ತೋರಿಸಿದ್ರೆ ನನಗೇನೂ ತಿಳಿಯಲ್ಲ.”

“ಬರ್ತೀನಿ ಕಣೇ,” ಎಂದಳು ಅಜ್ಜಿ. ಫೋನಿಟ್ಟ ಮೇಲೆ ಬಟಾಣಿ ಸುಲಿಯಲು ಕೂತವಳು ಕಾಳನ್ನು ಬುಟ್ಟಿಗೂ ಸಿಪ್ಪೆಯನ್ನು ಪಾತ್ರೆಗೂ ಹಾಕುತ್ತಿದ್ದಳು. ಸೊಸೆ ಎರಡನ್ನೂ ಅದಲುಬದಲು ಮಾಡಿಟ್ಟಳು.

ಆ ವಾರವೇ ಕಾರ್ಡುಗಳ ವಾರ್ಷಿಕ ಶುಲ್ಕದ ಮೆಸೇಜು ಬಂತು. ಊಟಕ್ಕೆ ಕೂತಾಗ ಸೊಸೆ ಮಾತು ತೆಗೆದಳು.

“ರೀ, ಈ ಸಲ ಎಲ್ಲಾದಕ್ಕೂ ಕಟ್ಟೋದು ಬೇಡ. ಹಸಿರು ಇರ್ಲಿ. ಅದು ತಿನ್ನೋದಕ್ಕಿಂತ ಜಾಸ್ತಿ ವಾಪಸ್ ಕೊಡುತ್ತೆ, ನಾನೇ ನೋಡಿದ್ದೀನಿ. ಕೆಂಪು ತೆಗೆದುಬಿಡಿ. ಅರ್ಧ ಬೆಲೆ ಅಂತ ಹೋಗಿ ಎರಡರಷ್ಟು ಖರ್ಚು ಮಾಡ್ಕೊಂಡು ಬರ್ತೀವಿ.”

“ಆಯ್ತು, ಕೆಂಪು ಹೋಗ್ಲಿ.”

“ನೀಲಿನೂ ಹೋಗ್ಲಿ.”

“ನೀಲಿ ಮಾತು ಎತ್ತಬೇಡ.”

“ಎತ್ತದೆ ಏನ್ಮಾಡ್ಲಿ? ಆರು ವರ್ಷದಿಂದ ಅದಕ್ಕೆ ಕಟ್ಟಿದ ಶುಲ್ಕದಲ್ಲಿ ಅತ್ತೆ ಮಾಮೂಲಿ ಸೀಟಲ್ಲಿ ಎರಡು ಸಲ ಹೋಗಿ ಬಂದಿರ್ತಿದ್ರು.”

“ಮಾಮೂಲಿ ಸೀಟಲ್ಲಿ ಕೂರ್ಬೇಕಾದೋಳು ನೀನಲ್ಲ, ನಮ್ಮಮ್ಮ. ಹೋಟೆಲಲ್ಲಿ ಕೂರೋಕಾಗದೆ ಎದ್ದು ನಿಂತಿದ್ದು ಕಾಣ್ಲಿಲ್ವಾ?”

“ಕಂಡೆ. ಅರ್ಧ ಬೆಲೆ ಊಟಕ್ಕೆ ಅವರನ್ನ ಎರಡು ಬಸ್ಸಲ್ಲಿ ನಿಲ್ಲಿಸ್ಕೊಂಡು ಹೋಗಿದ್ದೂ ಕಂಡೆ.”

ಸೋಲುವಾಗ ಗಂಡಸರು ಮಾಡುವಂತೆ ಪಾಯಿಂಟಪ್ಪ ದನಿ ಏರಿಸಿದ. “ಇನ್ನು ಒಂದೇ ವರ್ಷ. ಇಷ್ಟು ದಿನ ಕಾದು, ಕೈಗೆ ಬರೋ ಹೊತ್ತಲ್ಲಿ ಬಿಡು ಅಂತೀಯಲ್ಲ.”

“ಚಿಕ್ಕಮ್ಮನ ಕಣ್ಣು ಕಾಯುತ್ತಾ ಒಂದು ವರ್ಷ?”

ಅವನು ಅರ್ಧ ಊಟಕ್ಕೇ ಕೈ ತೊಳೆದುಕೊಂಡ. ಅವಳು ಅವನು ಬಿಟ್ಟೆದ್ದ ಮೊಟ್ಟೆಯನ್ನು ಮಗಳ ತಟ್ಟೆಗೆ ಹಾಕಿದಳು. ಪಕ್ಕದ ಕೋಣೆಯಲ್ಲಿ ಗೋಡೆಗೊರಗಿ ನಿಂತಿದ್ದ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು.

ಬೆಳಿಗ್ಗೆ ಮಗ ಸ್ಕೂಟರ್ ಒರೆಸುತ್ತಿದ್ದಾಗ ಅಜ್ಜಿ ಮೆಲ್ಲಗೆ ಅವನ ಹತ್ತಿರ ಹೋದಳು.

“ಇನ್ನೆಷ್ಟು ಪಾಯಿಂಟು ಬೇಕೋ ಅದಕ್ಕೆ?”

“ಜಾಸ್ತಿ ಏನಿಲ್ಲಮ್ಮ. ಈ ತಿಂಗಳು ಫ್ರಿಜ್ಜು, ವಾಷಿಂಗ್ ಮಷೀನು ಅಂಥದ್ದಕ್ಕೆಲ್ಲ ಐದು ಪಟ್ಟು ಪಾಯಿಂಟು ಕೊಡ್ತಿದ್ದಾರೆ. ಒಂದೆರಡು ಕೊಂಡ್ರೆ ಆಗ್ಬಿಡುತ್ತೆ. ಆದ್ರೆ ಬೇಡದ ಸಾಮಾನು ತಂದು ಎಲ್ಲಿಡೋದು?”

ಅವನು ಹಾಗೆಂದು ಸ್ಕೂಟರ್ ಹತ್ತಿ ಹೋದ. ಆ ಮಾತು ಅಜ್ಜಿಯ ತಲೆಯಲ್ಲಿ ಉಳಿದುಕೊಂಡಿತು.

ಮುಂದಿನ ವಾರಗಳಲ್ಲಿ ಮನೆಯಲ್ಲಿ ಎರಡು ಬದಲಾವಣೆಗಳಾದವು. ಒಂದು, ಗಂಡಹೆಂಡತಿ ಮಾತು ಬಿಟ್ಟರು. ಎಲ್ಲ ವ್ಯವಹಾರ ಲೂಟಿಯ ಮೂಲಕ.

“ಲೂಟಿ, ನಿಮ್ಮಪ್ಪ ಊಟಕ್ಕೆ ಬರ್ತಾರಾ ಕೇಳು.”

“ಅಪ್ಪ, ಊಟಕ್ಕೆ ಬರ್ತೀಯಾ?”

“ಬರ್ತೀನಿ ಅಂತ ಹೇಳು.”

“ಬರ್ತಾರಂತೆ ಅಮ್ಮ. ಈ ಕೆಲಸಕ್ಕೆ ನನಗೆ ಸಂಬಳ ಎಷ್ಟು ಅಂತ ಇಬ್ರೂ ಸೇರಿ ತೀರ್ಮಾನ ಮಾಡಿ.”

ಇನ್ನೊಂದು, ಅಜ್ಜಿ ನಡೆಯತೊಡಗಿದಳು. ದಿನಾ ಸ್ವಲ್ಪ ನಡೆಯಿರಿ ಎಂದು ಡಾಕ್ಟರು ಹೇಳಿ ವರ್ಷಗಳಾಗಿದ್ದವು. ಇಷ್ಟು ದಿನ ಗೋಗರೆದರೂ ಗೇಟು ದಾಟದವಳು ಈಗ ಮಧ್ಯಾಹ್ನದ ಊಟವಾದ ಕೂಡಲೇ ಬೆಲ್ಟು ಬಿಗಿದುಕೊಂಡು, ಒಳ್ಳೆಯ ಚಪ್ಪಲಿ ಹಾಕಿಕೊಂಡು ಹೊರಟುಬಿಡುತ್ತಿದ್ದಳು. ವಾಪಸ್ ಬರುವಾಗ ಮುಖ ಬಿಸಿಲಿಗೆ ಬಾಡಿರುತ್ತಿತ್ತು, ಆದರೆ ಗೆದ್ದು ಬಂದವಳ ಕಳೆ. ಸೊಸೆಗೆ ಸಮಾಧಾನವಾಯಿತು. ತಂಗಿಯನ್ನು ನೋಡಲು ಹೋಗುವುದಕ್ಕೆ ಅತ್ತೆ ಮೈಯನ್ನು ಸಿದ್ಧಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡಳು. ಆಗಾಗ ಅಜ್ಜಿಯ ಫೋನು ಟಿಂಗ್ ಎನ್ನುತ್ತಿತ್ತು. ಅಜ್ಜಿ ಕನ್ನಡಕ ಹಾಕಿಕೊಂಡು ಓದಿ ತನ್ನಷ್ಟಕ್ಕೆ ನಗುತ್ತಿದ್ದಳು.

“ಯಾರದು ಅಜ್ಜಿ ಮೆಸೇಜು?” ಎಂದಳು ಲೂಟಿ ಒಂದು ಸಂಜೆ.

“ನಿನಗ್ಯಾಕೆ?”

“ಬಾಯ್ ಫ್ರೆಂಡಾ?”

“ಹೂಂ. ಬ್ಯಾಂಕಲ್ಲಿ ಕೆಲಸ ಅವನಿಗೆ.”

ಒಂದು ದಿನ ಕನ್ನಡಕದಂಗಡಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಯ ಸೇಲ್ಸ್‌ಮನ್ ಬಂದ. ಕನ್ನಡಕದ ಒಂದು ಕಡ್ಡಿ ಕಳಚಿಕೊಂಡಿತ್ತು. ಪಾಯಿಂಟಪ್ಪ ಸಣ್ಣ ಸ್ಕ್ರೂ ಹುಡುಕುತ್ತಿರುವಾಗ ಅವನು ಸ್ಟೂಲಿನ ಮೇಲೆ ಕೂತು ಹರಟೆಗಿಳಿದ.

“ನಮ್ಮ ಅಂಗಡೀಲಿ ಒಂದು ತಮಾಷೆ ನಡೀತಿದೆ ಸಾರ್. ಒಬ್ರು ಅಜ್ಜಿ ಬರ್ತಾರೆ. ಮೊದ್ಲು ಒಂದು ಮಿಕ್ಸಿ ಕೊಂಡ್ರು. ‘ಇಲ್ಲೇ ಇರ್ಲಿ, ನನ್ನ ಮಗ ಬಂದು ತಗೊಂಡು ಹೋಗ್ತಾನೆ’ ಅಂದ್ರು. ನಾಲ್ಕು ದಿನ ಬಿಟ್ಟು ಬಂದು ‘ಮಗ ಬೇಡ ಅಂದ, ದುಡ್ಡು ವಾಪಸ್ ಹಾಕು’ ಅಂದ್ರು. ಸರಿ, ಹಾಕಿದ್ವಿ. ಅವತ್ತೇ ಒಂದು ವಾಷಿಂಗ್ ಮಷೀನು ಕೊಂಡ್ರು. ಅದೂ ವಾಪಸ್. ಮೊನ್ನೆ ಫ್ರಿಜ್ಜು.”

“ಫ್ರಿಜ್ಜೂ ವಾಪಸ್ಸಾ?” ಅಂಗಡಿಯ ಮಾಲೀಕರು ಗಲ್ಲಾದಿಂದಲೇ ಕೇಳಿದರು.

“ಅದೂನೂ ವಾಪಸ್ಸೇ. ನಮ್ಮ ಹುಡುಗ್ರು ಅವರಿಗೆ ಫ್ರಿಜ್ಜಮ್ಮ ಅಂತ ಹೆಸರಿಟ್ಟಿದ್ದಾರೆ.”

ಮಾಲೀಕರು ನಕ್ಕರು, ಪಾಯಿಂಟಪ್ಪನೂ ಜೋರಾಗಿ ನಕ್ಕ. “ಮನೇಲಿ ಹೊತ್ತು ಹೋಗಲ್ಲ ಅನ್ಸುತ್ತೆ ಪಾಪ,” ಎಂದ.

“ಹಾಗೇನಿಲ್ಲ ಸಾರ್, ತುಂಬ ಚುರುಕು. ಕುರ್ಚಿ ಕೊಟ್ರೆ ಕೂರಲ್ಲ. ಸೊಂಟಕ್ಕೊಂದು ಬೆಲ್ಟು, ಕೌಂಟರ್ ಹಿಡ್ಕೊಂಡೇ ನಿಂತಿರ್ತಾರೆ. ಕಾರ್ಡು ಉಜ್ಜಿ ಫೋನು ಟಿಂಗ್ ಅಂದ ತಕ್ಷಣ ನನ್ನ ಕೈಗೆ ಕೊಟ್ಟು, ‘ಪಾಯಿಂಟು ಎಷ್ಟು ಬಂತು ಓದಪ್ಪ’ ಅಂತಾರೆ.”

ಸ್ಕ್ರೂ ತಿರುಗಿಸುತ್ತಿದ್ದ ಕೈ ನಿಂತಿತು.

“ಇಷ್ಟೆಲ್ಲ ಪಾಯಿಂಟು ಏನ್ಮಾಡ್ತೀರಿ ಅಜ್ಜಿ ಅಂತ ನಾನೇ ಕೇಳ್ದೆ ಸಾರ್. ‘ನನ್ನ ತಂಗಿ ಹತ್ರ ಹೋಗ್ಬೇಕಪ್ಪ, ಅವಳ ಕಣ್ಣಿಗೆ ನಾನು ಇನ್ನೂ ಕಾಣೋವಾಗ್ಲೇ’ ಅಂದ್ರು.”

ಪಾಯಿಂಟಪ್ಪ ಕನ್ನಡಕವನ್ನು ಒರೆಸಿದ. ಒರೆಸಿದ ಗಾಜನ್ನೇ ಮತ್ತೆ ಒರೆಸಿದ. “ವಾಪಸ್ ಕೊಟ್ರೆ ಪಾಯಿಂಟೂ ವಾಪಸ್ ಹೋಗುತ್ತೆ ಅಂತ ಅವರಿಗೆ ಯಾರೂ ಹೇಳ್ಲಿಲ್ವಾ?”

“ಹೇಳೋಣ ಅಂತಾನೇ ಬಾಯಿ ತೆಗ್ದೆ ಸಾರ್. ಅವರ ಮುಖ ನೋಡಿ ಮನಸ್ಸು ಬರ್ಲಿಲ್ಲ.”

ರಿಪೇರಿಗೆ ಅವನು ದುಡ್ಡು ತೆಗೆದುಕೊಳ್ಳಲಿಲ್ಲ. ಯಾಕೆಂದು ಕೇಳಿದ ಮಾಲೀಕರಿಗೆ ತಲೆನೋವೆಂದು ಹೇಳಿ ಅರ್ಧ ದಿನ ರಜೆ ಹಾಕಿ ಹೊರಟ.

ಅವತ್ತು ಹೆಂಡತಿಗೆ ವಾರದ ರಜೆ. ಹಿತ್ತಲ ನಲ್ಲಿಯ ಕೆಳಗೆ ಬೆಡ್‌ಶೀಟು ಒಗೆಯುತ್ತಿದ್ದಳು. ಮಧ್ಯೆ ಮಾತು ದಾಟಿಸಲು ಲೂಟಿ ಇರಲಿಲ್ಲ, ಶಾಲೆಗೆ ಹೋಗಿದ್ದಳು. ಅವನು ನೇರವಾಗಿಯೇ ಹೇಳಿದ. ಕೇಳುತ್ತ ಕೇಳುತ್ತ ಅವಳಿಗೆ ನಗು ತಡೆಯಲಾಗಲಿಲ್ಲ.

“ಫ್ರಿಜ್ಜಾ?”

“ಫ್ರಿಜ್ಜೂ. ವಾಷಿಂಗ್ ಮಷೀನೂ.”

“ನಾನಿಲ್ಲಿ ಕೈಯಲ್ಲಿ ಒಗೀತಿದ್ದೀನಿ, ಅತ್ತೆ ಅಲ್ಲಿ ಮಷೀನು ಕೊಂಡು ವಾಪಸ್ ಕೊಡ್ತಿದ್ದಾರಾ?” ನಗುತ್ತಲೇ ಅವಳ ಕಣ್ಣು ತುಂಬಿತು. ಒದ್ದೆ ಕೈಯಿಂದ ಒರೆಸಿಕೊಂಡು ಮುಖಕ್ಕೆಲ್ಲ ಸೋಪು ಹತ್ತಿಸಿಕೊಂಡಳು. “ಆ ಅಂಗಡಿ ಮಾರ್ಕೆಟ್ಟಿನ ಆಚೆ ಇದೆಯಲ್ರೀ. ಅಷ್ಟು ದೂರ, ಈ ಬಿಸಿಲಲ್ಲಿ.”

ಪಾಯಿಂಟಪ್ಪ ನಲ್ಲಿ ಕಟ್ಟೆಯ ಮೇಲೆ ಕೂತ. ಅವನಿಗೆ ನಾಚಿಕೆಯಾಯಿತು, ಅಳುವೂ ಬಂತು, ಎರಡನ್ನೂ ಅವನು ಮುಚ್ಚಿಡಲಿಲ್ಲ. ಅಮ್ಮನ ಸೊಂಟ ನೋಯಬಾರದೆಂದು ಆರು ವರ್ಷ ಕಾದಿದ್ದ. ಅವನು ಕಾಯುತ್ತ ಕೂತದ್ದಕ್ಕೇ ಅವಳು ಆ ಸೊಂಟ ಹೊತ್ತುಕೊಂಡು ಮಾರ್ಕೆಟ್ಟು ದಾಟಿದ್ದಳು.

“ಮಾಮೂಲಿ ಸೀಟಾದ್ರೆ ಇಬ್ಬರಿಗೆ ಆಗೋಷ್ಟು ಪಾಯಿಂಟು ಯಾವಾಗ್ಲೋ ಆಗಿತ್ತು ಕಣೇ,” ಎಂದ.

“ಗೊತ್ತು,” ಎಂದಳು ಹೆಂಡತಿ. ಬೆಡ್‌ಶೀಟಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಹಿಂಡಿದರು.

ಸಂಜೆ ಅಜ್ಜಿ ಲೂಟಿಯ ಜೊತೆ ಮೇಲಿನ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿರುವಾಗ ಅವನು ಕಾರ್ಡಿನ ಕಂಪನಿಗೆ ಫೋನು ಮಾಡಿದ. ಹೆಂಡತಿ ಒಲೆಯ ಮುಂದಿದ್ದಳು. ಸ್ಪೀಕರಿನಲ್ಲಿ ಒಬ್ಬ ಹುಡುಗಿ ಬಹಳ ವಿನಯವಾಗಿ ಮಾತಾಡಿದಳು.

“ಕಾರ್ಡ್ ಯಾಕೆ ಮುಚ್ಚುತ್ತಿದ್ದೀರಿ ಎಂದು ತಿಳಿಯಬಹುದೇ ಸರ್?”

“ಶುಲ್ಕ ಜಾಸ್ತಿ.”

“ಈ ವರ್ಷದ ಶುಲ್ಕ ಪೂರ್ತಿ ಮಾಫಿ ಮಾಡಿಸಿಕೊಡುತ್ತೇನೆ ಸರ್. ನೀವು ನಮ್ಮ ಹಳೆಯ ಗ್ರಾಹಕರು. ಜೊತೆಗೆ ಹೆಚ್ಚುವರಿ ಪಾಯಿಂಟುಗಳನ್ನೂ ಕೊಡುತ್ತೇವೆ.” ಎಷ್ಟು ಕೊಡುತ್ತಾರೆಂದೂ ಹೇಳಿದಳು.

ಪಾಯಿಂಟಪ್ಪ ಎದ್ದು ನಿಂತ. ಹೆಂಡತಿ ಒಲೆಯ ಉರಿ ಸಣ್ಣ ಮಾಡಿದಳು.

“ಅಷ್ಟು ಸೇರಿದ್ರೆ ನನಗೆ ಮುಂದಿನ ಅಗಲದ ಸೀಟು ಬರುತ್ತೆ, ಅಲ್ವಾ?”

“ಖಂಡಿತ ಬರುತ್ತೆ ಸರ್. ಎರಡು ಸೀಟು ಬರುತ್ತೆ.”

ಅವನು ಹೆಂಡತಿಯತ್ತ ನೋಡಿದ. ತೀರ್ಮಾನ ಅವನದೇ ಎಂಬಂತೆ ಅವಳು ಕ್ಯಾರೆಟ್ಟು ಹೆಚ್ಚತೊಡಗಿದಳು. ಆರು ವರ್ಷ ಶುಲ್ಕ ಕಟ್ಟಿ ಕೂಡಿಸಿದ್ದು ಕೊನೆಗೂ ಕೈಗೆ ಬಂದಿತ್ತು.

“ಯಾವಾಗ ಹಾಕ್ತೀರಿ ಆ ಪಾಯಿಂಟು?”

“ಕಾರ್ಡನ್ನು ಬಳಸುತ್ತಿರಿ ಸರ್, ಆರು ತಿಂಗಳ ನಂತರ ಜಮಾ ಆಗುತ್ತದೆ.”

“ಈಗಲೇ ಹಾಕೋಕಾಗಲ್ವಾ?”

“ನಿಯಮ ಇಲ್ಲ ಸರ್. ಆರೇ ತಿಂಗಳಲ್ವಾ.”

ಮೇಲೆ ತಾರಸಿಯಲ್ಲಿ ಅಜ್ಜಿ ಕ್ಲಿಪ್ಪುಗಳನ್ನು ಡಬ್ಬಕ್ಕೆ ಹಾಕುವ ಸದ್ದು ಕೇಳುತ್ತಿತ್ತು. ಪಾಯಿಂಟಪ್ಪ ಮತ್ತೆ ಕೂತ.

“ಬೇಡಮ್ಮ,” ಎಂದ. “ಆರು ತಿಂಗಳು ನಮ್ಮತ್ರ ಇಲ್ಲ. ಇರೋ ಪಾಯಿಂಟಲ್ಲಿ ಟಿಕೆಟ್ ತಗೋತೀನಿ. ಆಮೇಲೆ ಮುಚ್ಚಿಬಿಡಿ.”

ಹುಡುಗಿ ಇನ್ನೂ ಏನೇನೋ ಹೇಳಿದಳು. ಅವನು ಎಲ್ಲದಕ್ಕೂ ಬೇಡಮ್ಮ, ಬೇಡಮ್ಮ ಎನ್ನುತ್ತಲೇ ಇದ್ದ. ಫೋನಿಟ್ಟಾಗ ಅವನ ಅಂಗಿಯ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಹೆಂಡತಿ ಒಂದು ಲೋಟ ನೀರು ತಂದುಕೊಟ್ಟು, ಅವನು ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ನಿಂತಿದ್ದಳು.

ಊಟಕ್ಕೆ ಕೂತಾಗ ಅವನು ಅಜ್ಜಿಗೆ ಹೇಳಿದ. “ಅಮ್ಮ, ಮುಂದಿನ ವಾರ ಚಿಕ್ಕಮ್ಮನ ಊರಿಗೆ ಹೋಗೋಣ. ಟಿಕೆಟ್ ಆಯ್ತು. ಮಾಮೂಲಿ ಸೀಟು, ಅಗಲದ್ದು ಸಿಗ್ಲಿಲ್ಲ.”

ಅಜ್ಜಿಯ ಕೈಯ ತುತ್ತು ಅಲ್ಲೇ ನಿಂತಿತು. “ಪಾಯಿಂಟು ಸಾಕಾಯ್ತಾ?”

“ಸಾಕಾಯ್ತು. ನೀನು ಸೇರಿಸಿದೆಯಲ್ಲ, ಅದಕ್ಕೇ ಆಯ್ತು.”

“ನಿನಗ್ಯಾರು ಹೇಳಿದ್ರು?” ಅಜ್ಜಿ ಗಾಬರಿಯಾದಳು.

“ಬ್ಯಾಂಕಿನವನು.”

ಅಜ್ಜಿ ಸೊಸೆಯನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು, ಯಾರೂ ಬೈಯುವುದಿಲ್ಲವೆಂದು ಖಾತ್ರಿಯಾದ ಮೇಲೆ ನೆಟ್ಟಗೆ ಕೂತಳು. “ಮಿಕ್ಸಿಯಿಂದ ಏನೂ ಆಗ್ತಿರ್ಲಿಲ್ಲ ಬಿಡು. ಫ್ರಿಜ್ಜು ಕೊಂಡೆನಲ್ಲ, ಅದರಿಂದಲೇ ಆಗಿದ್ದು. ಒಂದು ಪೈಸೆ ಖರ್ಚಿಲ್ಲ, ಎಲ್ಲಾ ವಾಪಸ್ ಕೊಟ್ಟಿದ್ದೀನಿ. ಇಷ್ಟು ವರ್ಷ ನಿಮಗ್ಯಾರಿಗೂ ಇದು ಹೊಳೀಲೇ ಇಲ್ಲವಲ್ಲ.”

“ಅಜ್ಜಿ, ವಾಪಸ್ ಕೊಟ್ರೆ ಪಾಯಿಂಟು...” ಎಂದು ಬಾಯಿ ತೆಗೆದ ಲೂಟಿಯ ಕಾಲನ್ನು ಅವಳಮ್ಮ ಮೇಜಿನ ಕೆಳಗೆ ಒತ್ತಿ ತುಳಿದಳು. ಲೂಟಿ ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು. ಆಮೇಲೆ, “ಪಾಯಿಂಟು ಭಾರಿ ಸೇರುತ್ತೆ ಅಂತ ನನಗೂ ಗೊತ್ತಿರ್ಲಿಲ್ಲ ಅಜ್ಜಿ,” ಎಂದಳು. ಅಪ್ಪ ತನ್ನ ಪಾಲಿನ ಮೊಟ್ಟೆಯನ್ನು ಅವಳ ತಟ್ಟೆಗಿಟ್ಟ.

ಕೆಂಪು ಮತ್ತು ನೀಲಿ ಕಾರ್ಡುಗಳನ್ನು ಕತ್ತರಿಸುವಾಗ ಇನ್ನೊಂದು ಸಣ್ಣ ಗಲಾಟೆಯಾಯಿತು. ಹೆಂಡತಿ ತನ್ನ ಕತ್ತರಿ ಕೊಡಲು ಒಪ್ಪಲಿಲ್ಲ. ಬಟ್ಟೆಯ ಕತ್ತರಿಯಲ್ಲಿ ಪ್ಲಾಸ್ಟಿಕ್ ಕತ್ತರಿಸಿದರೆ ಅದು ಮತ್ತೆ ಯಾವ ಕೆಲಸಕ್ಕೂ ಬರುವುದಿಲ್ಲವಂತೆ. ಕೊನೆಗೆ ಮೀನು ಕತ್ತರಿಸುವ ಕತ್ತರಿಯಲ್ಲಿ ಕೆಲಸ ಮುಗಿಯಿತು. ಅಜ್ಜಿ ತನ್ನ ಕಾರ್ಡನ್ನು ಕೊಡುವ ಮೊದಲು ಅದರ ಮೇಲಿನ ತನ್ನ ಹೆಸರನ್ನು ಎರಡು ಸಲ ಸವರಿದಳು.

ವಿಮಾನದಲ್ಲಿ ಅಜ್ಜಿಗೆ ಸಿಕ್ಕಿದ್ದು ಮಧ್ಯದ ಸೀಟು. ಮಗ ನಡುದಾರಿಯ ಬದಿಯ ತನ್ನ ಸೀಟನ್ನು ಅವಳಿಗೆ ಬಿಟ್ಟುಕೊಟ್ಟು, ಜರ್ಕಿನ್ ಮಡಚಿ ಬೆನ್ನ ಹಿಂದೆ ಇಟ್ಟ. ಸೀಟ್ ಬೆಲ್ಟಿನ ದೀಪ ಆರಿದ್ದೇ ತಡ ಅಜ್ಜಿ ಎದ್ದು ಹಿಂಭಾಗಕ್ಕೆ ಹೋಗಿ, ಚಹಾ ಕೊಡುವ ಹುಡುಗಿಯ ಪಕ್ಕ ನಿಂತುಕೊಂಡಳು. ತಾನು ತನ್ನದೇ ಪಾಯಿಂಟಿನಲ್ಲಿ ಬರುತ್ತಿದ್ದೇನೆಂದು ಅವಳಿಗೂ ಹೇಳಿದಳು. ಇಳಿಯುವ ಹೊತ್ತಿಗೆ ಅವಳ ಮುಖ ನೋವಿನಿಂದ ಬಿಳಿಚಿಕೊಂಡಿತ್ತು. ಮೆಟ್ಟಿಲಿಳಿಯುವಾಗ ಮಗನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ತುಂಬ ನೋವಾ ಅಮ್ಮ?”

“ನೋಯದೆ ಇರುತ್ತಾ? ನಡಿ, ನಡಿ. ಟ್ಯಾಕ್ಸಿಯವನು ಹೊರಟುಬಿಟ್ಟಾನು.”

ತಂಗಿಯ ಮನೆ ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿತ್ತು. ಬಾಗಿಲು ತೆಗೆದವಳು ಅವಳೇ. ಅಕ್ಕನ ದನಿ ಕೇಳಿದ್ದೇ ಎರಡೂ ಕೈ ಚಾಚಿ ತಬ್ಬಿಕೊಂಡಳು. ಇಬ್ಬರೂ ಅತ್ತರು, ಮೂಗು ಒರೆಸಿಕೊಂಡರು, ನೀನು ದಪ್ಪಗಾದೆ ಎಂದರೆ ನೀನೇ ದಪ್ಪಗಾದೆ ಎಂದರು. ಪಾಯಿಂಟಪ್ಪ ಚಹಾಕ್ಕೆ ನೀರಿಡುತ್ತೇನೆಂದು ಅಡುಗೆಮನೆಗೆ ಹೋದ.

ಅಕ್ಕತಂಗಿಯರು ಎದುರುಬದುರು ಕೂತರು. ಕೂತ ಕೂಡಲೇ ತಂಗಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಳು. ಅಕ್ಕ ಮಾತಾಡಿದಳು. ತಂಗಿ ಹೂಂಗುಟ್ಟಿದಳು, ಆದರೆ ಕಿಟಕಿಯಿಂದ ಮುಖ ತೆಗೆಯಲಿಲ್ಲ. ಅಕ್ಕ ಎದ್ದು ಕುರ್ಚಿ ಎಳೆದುಕೊಂಡು ಕಿಟಕಿಯ ಎದುರಿಗೆ ಬಂದು ಕೂತಳು. ತಂಗಿ ಬಾಗಿಲ ಕಡೆ ತಿರುಗಿದಳು. ಅಕ್ಕ ಮತ್ತೆ ಎದ್ದು ಸೊಂಟ ಹಿಡಿದುಕೊಂಡು ಬಾಗಿಲ ಕಡೆ ಬಂದಳು. ತಂಗಿ ಮತ್ತೆ ಕಿಟಕಿಯ ಕಡೆ ತಿರುಗಿದಳು.

“ಯಾಕೆ ಮುಖ ತಿರುಗಿಸ್ತೀಯೆ?” ಎಂದಳು ಅಜ್ಜಿ. “ಇಷ್ಟು ವರ್ಷ ಬರ್ಲಿಲ್ಲ ಅಂತ ಕೋಪನಾ?”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪಾಯಿಂಟಪ್ಪನಿಗೆ ವಿಷಯ ಒಮ್ಮೆಲೇ ಹೊಳೆಯಿತು. ದಿನವಿಡೀ ಕಣ್ಣಿನ ತೊಂದರೆಯವರ ಮಧ್ಯೆ ಕೆಲಸ ಮಾಡುವ ತಾನು ಇದನ್ನು ಅಮ್ಮನಿಗೆ ಮೊದಲೇ ಹೇಳಬೇಕಿತ್ತು. ಅವನು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮನೇ ಮಾತಾಡಿದಳು.

“ಕೋಪ ಯಾಕೆ ಅಕ್ಕ? ನನ್ನ ಕಣ್ಣಲ್ಲಿ ನಡುಭಾಗ ಹೋಗಿಬಿಟ್ಟಿದೆ. ನೇರ ನೋಡಿದ್ರೆ ನಿನ್ನ ಮುಖ ಇರೋ ಜಾಗದಲ್ಲೇ ಏನೂ ಇರಲ್ಲ. ಕಿಟಕಿ ಕಡೆ ತಿರುಗಿದ್ರೆ ಅಂಚಲ್ಲಿ ನೀನು ಕಾಣ್ತೀಯ. ಸ್ವಲ್ಪ ಕಾಣ್ತು ಅನ್ನೋವಾಗ ನೀನು ಎದ್ದು ಬಂದು ಎದುರಿಗೆ ಕೂತ್ರೆ ನಾನು ಹೇಗೆ ನೋಡ್ಲಿ? ಒಂದ್ಕಡೆ ಅಲ್ಲಾಡದೆ ಕೂತ್ಕೊಳ್ಳೇ ನೀನು.”

ಅಜ್ಜಿ ಕೂತಳು. ತಂಗಿ ಕಿಟಕಿಯ ಆಚೆಗಿನ ಗೋಡೆಯನ್ನು ದಿಟ್ಟಿಸುತ್ತ ಅಕ್ಕನನ್ನು ನೋಡತೊಡಗಿದಳು.

“ಕೂದಲು ಪೂರ್ತಿ ಬೆಳ್ಳಗಾಯ್ತಲ್ಲ.”

“ಆಯ್ತು.”

“ಗಲ್ಲ ಇಳಿಬಿದ್ದಿದೆ. ಅಮ್ಮನ ಥರಾನೇ ಆಗಿದ್ದೀಯ.”

ಒಲೆಯ ಮೇಲೆ ನೀರು ಕುದಿದು ಅರ್ಧಕ್ಕರ್ಧ ಆವಿಯಾಯಿತು. ಪಾಯಿಂಟಪ್ಪ ಅದನ್ನು ಆರಿಸಿ ಅಲ್ಲೇ ನಿಂತ. ಅಜ್ಜಿಯ ಬೆನ್ನು ನೋಯುತ್ತಿತ್ತು, ಅದು ಅವಳು ಕುರ್ಚಿಯ ಅಂಚನ್ನು ಹಿಡಿದ ರೀತಿಯಲ್ಲೇ ತಿಳಿಯುತ್ತಿತ್ತು. ಆದರೂ ಅವಳು ಮುಖವನ್ನು ಒಂದಿಷ್ಟೂ ಕದಲಿಸಲಿಲ್ಲ.

“ನೋಡಿದ್ದಾಯ್ತೇನೇ?” ಎಂದಳು ಬಹಳ ಹೊತ್ತಿನ ಮೇಲೆ.

“ಇನ್ನೂ ಇಲ್ಲ,” ಎಂದಳು ತಂಗಿ.